ಮುಲಾಮಿನ ಮೇಲಿನ ಅಪವಾದ

ಇಸುಬಿಗೆ ಮುಲಾಮು ಹಚ್ಚಬಾರದು, ಹಚ್ಚಿದರೆ ಅದು ಒಳಗೆ ಸೇರಿಕೊಂಡು ನಾಳೆ ಉಬ್ಬಸವಾಗಿ ಏಳುತ್ತದೆ ಎಂಬ ಮಾತು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಅಜ್ಜಿಯರು ಮಾತ್ರ ಹೀಗೆ ಹೇಳುತ್ತಿದ್ದರೆ ಅದರ ಬಗ್ಗೆ ಇಷ್ಟುದ್ದ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಅಪ್ಪ, ಶಾಲೆಯ ಮೇಡಂ, ಯೋಗ ಹೇಳಿಕೊಡುವ ಗುರುಗಳು ಎಲ್ಲರೂ ಇದನ್ನೇ ತಂತಮ್ಮ ಧಾಟಿಯಲ್ಲಿ ಹೇಳುತ್ತಾರೆ. "ನಂಜು ಒಳಕ್ಕೆ ಇಳಿಯುತ್ತಮ್ಮ" ಎಂದು ಒಬ್ಬರು ಅಂದರೆ, "ಸ್ಟೀರಾಯ್ಡ್ ಅಂದ್ರೆ ಬರೀ ಸಪ್ರೆಷನ್, ರೂಟ್ ಕಾಸ್ ನೋಡ್ಬೇಕು" ಎಂದು ಇನ್ನೊಬ್ಬರು. ಒಬ್ಬರದು ಹಳೆಯ ಮಾತು, ಇನ್ನೊಬ್ಬರದು ಹೊಸ ಮಾತು. ಒಳಗಿರುವ ತರ್ಕ ಒಂದೇ: ರೋಗ ಇರುವುದು ಒಳಗೆ, ಚರ್ಮದ ಮೇಲೆ ಕಾಣುವುದು ಅದರ ನೆರಳು, ನೆರಳಿಗೆ ಮದ್ದು ಹಚ್ಚಿ ಏನು ಪ್ರಯೋಜನ?

ಈ ಅಭಿಪ್ರಾಯಕ್ಕೆ ವಿವೇಕದ ಕಳೆಯಿದೆ. ಎಚ್ಚರಿಕೆಯ ಮಾತಿನಂತೆ ಕೇಳಿಸುತ್ತದೆ, ಹೇಳಿದವರಿಗೆ ಗೌರವವೂ ಸಿಗುತ್ತದೆ. ಅದನ್ನು ಪಾಲಿಸುವ ಕಷ್ಟ ಮಾತ್ರ ಮಗುವಿನ ಪಾಲಿಗೆ. ಇಸುಬು ಇರುವ ಮಗುವಿನ ಮನೆಯ ರಾತ್ರಿ ಹೇಗಿರುತ್ತದೆಂದು ಕಂಡವರಿಗೇ ಗೊತ್ತು. ಉಗುರನ್ನು ಬುಡಮಟ್ಟ ಕತ್ತರಿಸಿ, ಎರಡೂ ಕೈಗೆ ಹಳೆಯ ಕಾಲುಚೀಲ ತೊಡಿಸಿ ಮಲಗಿಸಿರುತ್ತಾರೆ. ನಿದ್ದೆಗಣ್ಣಿನಲ್ಲೇ ಮಗು ಒಂದು ಕಾಲಿನ ಹಿಮ್ಮಡಿಯಿಂದ ಇನ್ನೊಂದು ಕಾಲಿನ ಮಂಡಿಯ ಹಿಂಬದಿಯನ್ನು ಉಜ್ಜುತ್ತಿರುತ್ತದೆ. ಬೆಳಗ್ಗೆ ಹಾಸಿಗೆಯ ಮೇಲೆ ಹೊಟ್ಟು, ದಿಂಬಿನ ಕವರಿನ ಮೇಲೆ ರಕ್ತದ ಚುಕ್ಕೆ. ತಾಯಿಗೆ ನಿದ್ದೆಯಿಲ್ಲ, ಮಗುವಿಗೆ ಶಾಲೆಯಲ್ಲಿ ತೂಕಡಿಕೆ. "ಬರೀ ನವೆ ತಾನೆ" ಎಂಬ ಮಾತನ್ನು ಈ ಮನೆಗಳಲ್ಲಿ ಹೇಳಿ ನೋಡಬೇಕು.

ರೋಗ ‘ಒಳಗೆ ಹೋಗುವ’ ವಿಚಾರ ನಮ್ಮ ಅಜ್ಜಿಯರ ಸ್ವಂತ ಸೊತ್ತೇನೂ ಅಲ್ಲ. ದೇಹದೊಳಗಿನ ಕೆಟ್ಟ ರಸ ಚರ್ಮದ ದಾರಿಯಲ್ಲಿ ಹೊರಬೀಳುತ್ತದೆ, ಅದನ್ನು ಅಡ್ಡಗಟ್ಟಬಾರದು ಎಂದು ಯುರೋಪಿನ ವೈದ್ಯರೂ ಶತಮಾನಗಟ್ಟಲೆ ನಂಬಿದ್ದರು. ಹೋಮಿಯೋಪತಿಯ ಜನಕ ಸ್ಯಾಮ್ಯುಯೆಲ್ ಹಾನಿಮನ್ ದೀರ್ಘಕಾಲದ ಕಾಯಿಲೆಗಳ ಬಗ್ಗೆ 1828ರಲ್ಲಿ ಹೊರತಂದ ಗ್ರಂಥದಲ್ಲಿ ಈ ನಂಬಿಕೆಯನ್ನೇ ಸಿದ್ಧಾಂತ ಮಾಡಿದ. ಕಜ್ಜಿ ತುರಿಕೆಯನ್ನು ಮುಲಾಮಿನಿಂದ ಅಡಗಿಸಿದ್ದರಿಂದಲೇ ಉಬ್ಬಸ, ಮೂರ್ಛೆರೋಗ, ಹುಚ್ಚು ಮುಂತಾದವು ಹುಟ್ಟುತ್ತವೆ ಎಂದು ವಾದಿಸಿ, ಆ ಮೂಲದೋಷವನ್ನು ಸೋರಾ ಎಂದು ಕರೆದ. ಆರು ವರ್ಷ ಕಳೆಯುವಷ್ಟರಲ್ಲಿ, 1834ರಲ್ಲಿ, ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ರೆನುಚ್ಚಿ ಎಂಬ ವೈದ್ಯ ವಿದ್ಯಾರ್ಥಿ ಸೂಜಿಯ ಮೊನೆಯಿಂದ ಕಜ್ಜಿಯ ಹುಳವನ್ನು ರೋಗಿಯ ಚರ್ಮದಿಂದ ಎತ್ತಿ ದೊಡ್ಡ ದೊಡ್ಡ ಪ್ರೊಫೆಸರುಗಳಿಗೆ ತೋರಿಸಿದ. ಅದು ಅವನು ತನ್ನ ಕಾರ್ಸಿಕಾ ದ್ವೀಪದ ಬಡ ಹೆಂಗಸರಿಂದ ಕಲಿತ ವಿದ್ಯೆ. ಕಜ್ಜಿ ಒಳಗಿಂದ ಉಕ್ಕಿದ್ದಲ್ಲ, ಹೊರಗಿಂದ ಹತ್ತಿದ್ದು. ಗಂಧಕದ ಮುಲಾಮಿಗೆ ಹುಳ ಸತ್ತ ಮೇಲೆ ಒಳಗೆ ಹೋಗಲು ಏನೂ ಉಳಿಯುವುದಿಲ್ಲ. ಕಜ್ಜಿಯ ಮಟ್ಟಿಗೆ ಆ ಸಿದ್ಧಾಂತ ಅಲ್ಲಿಗೇ ಬಿತ್ತು. ನಾವು ಅದನ್ನು ಎತ್ತಿ ತಂದು ಇಸುಬಿಗೆ ಅಂಟಿಸಿಕೊಂಡೆವು.

ಇಸುಬಿನಲ್ಲಿ ಅದು ಗಟ್ಟಿಯಾಗಿ ಅಂಟಿದ್ದಕ್ಕೆ ಕಾರಣವಿದೆ. ಕಣ್ಣೆದುರಿಗೇ ಹಾಗೆ ಆಗುತ್ತದಲ್ಲ! ಹುಟ್ಟಿದ ಕೆಲವು ತಿಂಗಳಿಗೆ ಮಗುವಿನ ಕೆನ್ನೆ ಕೆಂಪೇರಿ ರಸ ಒಸರುತ್ತದೆ, ಆಮೇಲೆ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಒಣಗಿದ ದದ್ದು. ಡಾಕ್ಟರು ಮುಲಾಮು ಕೊಡುತ್ತಾರೆ. ಮೂರು ನಾಲ್ಕು ವರ್ಷಕ್ಕೆ ಚರ್ಮ ತಿಳಿಯಾಗುತ್ತ ಬರುತ್ತದೆ, ಅದೇ ಹೊತ್ತಿಗೆ ಕೆಲವು ಮಕ್ಕಳಿಗೆ ಉಸಿರಾಟದಲ್ಲಿ ಸುಂಯ್ ಎಂಬ ಸದ್ದು ಶುರುವಾಗುತ್ತದೆ. ಅಂದಮೇಲೆ ಮುಲಾಮಿನಿಂದಲೇ ಬಂತು ಎನ್ನದೆ ಇನ್ನೇನು ಅನ್ನಬೇಕು? ವೈದ್ಯರು ಈ ಸಾಲನ್ನು ಅಟೋಪಿಕ್ ಮಾರ್ಚ್ ಎನ್ನುತ್ತಾರೆ. ಇಸುಬು, ಆಹಾರದ ಅಲರ್ಜಿ, ಉಬ್ಬಸ, ಮೂಗು ಸೋರುವುದು ಒಂದೇ ಮನೆತನದವು, ಒಂದರ ಹಿಂದೆ ಒಂದು ಬರುವುದು ಅವುಗಳ ಸ್ವಭಾವ. ಮುಲಾಮು ಕಾಣದ ಮಕ್ಕಳಲ್ಲೂ ಹಾಗೇ ಬರುತ್ತವೆ. ಇಸುಬು ಜೋರಾಗಿರುವ ಮಕ್ಕಳಿಗೆ ಉಬ್ಬಸ ಬರುವ ಸಂಭವ ಹೆಚ್ಚು. ಮುಲಾಮು ಹೆಚ್ಚು ಬೇಕಾಗುವುದೂ ಆ ಮಕ್ಕಳಿಗೇ. ಎರಡನ್ನೂ ನೋಡಿದವರು ಮುಲಾಮನ್ನು ಕಟಕಟೆಗೆ ತಂದು ನಿಲ್ಲಿಸಿದರು.

ಆಪಾದನೆ ತಿರುಗುಮುರುಗಾಗಿರುವ ಸಾಧ್ಯತೆಯೇ ಹೆಚ್ಚೆಂದು ಈಗ ಗೊತ್ತಾಗುತ್ತಿದೆ. ಬಿರಿದ ಚರ್ಮದ ಮೂಲಕ ಆಹಾರದ ಕಣಗಳು ಒಳಹೊಕ್ಕರೆ ದೇಹ ಅವುಗಳನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ, ಬಾಯಿಯ ಮೂಲಕ ಹೋದರೆ ಒಗ್ಗಿಸಿಕೊಳ್ಳುತ್ತದೆ. ಲಂಡನ್ನಿನ ಗಿಡಿಯನ್ ಲ್ಯಾಕ್ ಎಂಬ ಮಕ್ಕಳ ಅಲರ್ಜಿ ತಜ್ಞ ಈ ವಾದವನ್ನು ಮುಂದಿಟ್ಟ. ಹಾಗಿದ್ದರೆ ಚರ್ಮವನ್ನು ಬೇಗ ಮುಚ್ಚಿದರೆ ಅಲರ್ಜಿ ಕಡಿಮೆಯಾಗಬೇಕಲ್ಲ? ಜಪಾನಿನ ವೈದ್ಯರು ಇಸುಬಿದ್ದ 650 ಹಸುಗೂಸುಗಳ ಮೇಲೆ ಇದನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ರೀತಿಯಲ್ಲಿ, ದದ್ದು ಕಂಡಾಗ ಕಂಡ ಕಡೆ ಸ್ಟೀರಾಯ್ಡ್ ಮುಲಾಮು ಹಚ್ಚಿದ ಕೂಸುಗಳಲ್ಲಿ ಶೇ. 41.9ಕ್ಕೆ ಮೊಟ್ಟೆಯ ಅಲರ್ಜಿ ಬಂದಿತ್ತು. ಮೊದಲಿನಿಂದಲೇ ಬಿರುಸಾಗಿ, ಮೈತುಂಬ ಹಚ್ಚಿದವರಲ್ಲಿ ಅದು ಶೇ. 31.4. ಮುಲಾಮು ರೋಗವನ್ನು ಒಳಗೆ ತಳ್ಳುವುದಾಗಿದ್ದರೆ ಲೆಕ್ಕ ಉಲ್ಟಾ ಬರಬೇಕಿತ್ತು. ಹಾಗೆಂದು ಇದನ್ನು ನಾಳೆಯಿಂದಲೇ ಎಲ್ಲರೂ ಮಾಡಲಿ ಎನ್ನುವಂತಿಲ್ಲ. ಬಿರುಸಾಗಿ ಹಚ್ಚಿದ ಕೂಸುಗಳ ತೂಕ, ಎತ್ತರ ತುಸು ಕಡಿಮೆಯಿತ್ತು ಎಂದು ಆ ವೈದ್ಯರೇ ಬರೆದಿದ್ದಾರೆ. ಮದ್ದು ಎಂದಮೇಲೆ ಅದಕ್ಕೊಂದು ಬೆಲೆ ಇದ್ದೇ ಇದೆ. ಆದರೆ ಆ ಬೆಲೆ ಉಬ್ಬಸವಲ್ಲ.

ಇನ್ನು ರೂಟ್ ಕಾಸ್. ಇಸುಬಿನ ಬುಡ ಚರ್ಮದಲ್ಲೇ ಇದೆ, ಅದೂ ತೀರ ಮೇಲ್ಪದರದಲ್ಲಿ. ಆ ಪದರವನ್ನು ಬಿಗಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದವರಿಗೆ ಇಸುಬು ಬರುವುದು ಹೆಚ್ಚೆಂದು ಸ್ಕಾಟ್ಲೆಂಡಿನ ಡಂಡಿಯ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಎಲ್ಲ ರೋಗಿಗಳಲ್ಲೂ ಈ ದೋಷವಿಲ್ಲ, ರೋಗನಿರೋಧಕ ವ್ಯವಸ್ಥೆಯ ಅತಿರೇಕದ ಪಾಲೂ ಇದೆ. ಆದರೆ ನೀರು ನಿಲ್ಲದೆ ಒಣಗುವುದು, ಬಿರಿಯುವುದು, ಹೊರಗಿನದು ಒಳನುಗ್ಗುವುದು, ಅದಕ್ಕೆ ಉರಿಯೂತ ಏಳುವುದು, ಅದರಿಂದ ನವೆ, ಕೆರೆತ, ಕೆರೆದಷ್ಟೂ ಇನ್ನಷ್ಟು ಬಿರಿಯುವುದು, ಈ ಇಡೀ ಸುತ್ತು ನಡೆಯುವುದು ಚರ್ಮದಲ್ಲಿ. ಅಲ್ಲಿ ಮದ್ದು ಹಚ್ಚುವುದೆಂದರೆ ಬುಡಕ್ಕೇ ಹಚ್ಚಿದಂತೆ. ಹಾಗಾಗಿ ‘ಮೇಲೆ ಮೇಲೆ ಹಚ್ಚುವುದು’ ಎಂಬ ಮೂದಲಿಕೆ ಈ ರೋಗದ ಮಟ್ಟಿಗೆ ಅರ್ಥವಿಲ್ಲದ್ದು.

ವಿಚಿತ್ರವೆಂದರೆ, ಮುಲಾಮಿಗೆ ಅಂಜುವ ಇದೇ ಜನ ಮಾತ್ರೆಗೆ ಅಂಜುವುದಿಲ್ಲ. ನವೆ ಎಂದರೆ ಅಲರ್ಜಿ, ಅಲರ್ಜಿಗೆ ಸಿಟ್ರಿಜಿನ್. ತಿಂಗಳುಗಟ್ಟಲೆ ನುಂಗಿಸುತ್ತಾರೆ. ಪಿತ್ತದ ಗಂಧೆ ಎದ್ದಾಗ ಈ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ನವೆ ಹುಟ್ಟಿಸುವುದು ಹಿಸ್ಟಮಿನ್. ಇಸುಬಿನ ನವೆಗೆ ನರಗಳನ್ನು ಕೆಣಕುವುದು ಹೆಚ್ಚಾಗಿ ಬೇರೆಯವು. 2004ರಲ್ಲಿ ಗುರುತಿಸಲಾದ ಇಂಟರ್‌ಲ್ಯೂಕಿನ್ 31 ಅವುಗಳಲ್ಲೊಂದು. ಅವಕ್ಕೆ ಸಿಟ್ರಿಜಿನ್‌ನ ಹಂಗಿಲ್ಲ. ಹಳೆಯ ಕಾಲದ ಅಲರ್ಜಿ ಮಾತ್ರೆಗಳು ರಾತ್ರಿ ಒಂದಿಷ್ಟು ಮಂಪರು ತರುತ್ತವೆ, ಅದನ್ನೇ ನವೆ ಇಳಿಯಿತೆಂದು ತಿಳಿಯುತ್ತೇವೆ. ಒಲೆ ಆರಿಸದೆ ಹೊಗೆಗೆ ಕಿಟಕಿ ತೆಗೆದ ಹಾಗೆ. ಬಚ್ಚಲಲ್ಲಿ ಹಂಡೆಯ ಸುಡುನೀರನ್ನು ನವೆಯಿರುವ ಕಡೆ ಸುರಿದುಕೊಂಡಾಗ ಸಿಗುವ ಸುಖದ ಕಥೆಯೂ ಇಷ್ಟೇ. ಆ ಹಾಯೆನಿಸುವ ಎರಡು ನಿಮಿಷಕ್ಕೆ ಚರ್ಮದ ಎಣ್ಣೆಯಂಶ ತೊಳೆದುಹೋಗಿ ರಾತ್ರಿ ನವೆ ದುಪ್ಪಟ್ಟಾಗುತ್ತದೆ.

ಅಂಜಿಕೆ ಎಲ್ಲಿಂದ ಬಂತು? ಅದು ಬರೀ ಮೌಢ್ಯವಲ್ಲ ಎಂಬುದನ್ನು ಒಪ್ಪಲೇಬೇಕು. 1952ರಲ್ಲಿ ನ್ಯೂಯಾರ್ಕಿನ ಮೇರಿಯನ್ ಸುಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟ್ಟನ್ ಹೈಡ್ರೋಕಾರ್ಟಿಸೋನನ್ನು ಚರ್ಮದ ಮೇಲೆ ಹಚ್ಚಿ ಗುಣ ಕಂಡಾಗ ಅದು ಸೌಮ್ಯ ಮದ್ದು. ಮುಂದಿನ ಎರಡು ದಶಕಗಳಲ್ಲಿ ಅದಕ್ಕಿಂತ ನೂರಾರು ಪಟ್ಟು ಬಲದ ಕ್ಲೋಬೆಟಸಾಲ್‌ನಂಥವು ಬಂದವು. ಎಲ್ಲವನ್ನೂ ನಾವು ಸ್ಟೀರಾಯ್ಡ್ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತೇವೆ, ಒಂದರ ಪಾಪವನ್ನು ಇನ್ನೊಂದರ ತಲೆಗೆ ಕಟ್ಟುತ್ತೇವೆ. ಪಾಪವಂತೂ ಇದೆ. ಯಾವುದೇ ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು.

"ಅಣ್ಣಾ, ತೊಡೆ ಸಂದೀಲಿ ಕಡಿತ, ಒಂದು ಟ್ಯೂಬ್ ಕೊಡಿ."

"ಹುಳಕಡ್ಡಿನಾ? ಇದು ಹಚ್ಚಿ, ಎರಡೇ ದಿನ."

ಆ ಟ್ಯೂಬಿನಲ್ಲಿ ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾದ ಮದ್ದು, ಬಲವಾದ ಸ್ಟೀರಾಯ್ಡ್ ಮೂರೂ ಕಲಸಿರುತ್ತವೆ. ಎರಡು ದಿನಕ್ಕೆ ಕಡಿತ ನಿಲ್ಲುವುದು ನಿಜ. ಆದರೆ ಸ್ಟೀರಾಯ್ಡ್ ಚರ್ಮದ ಕಾವಲನ್ನು ಮಲಗಿಸಿಬಿಡುವುದರಿಂದ ಹುಳಕಡ್ಡಿಯ ಶಿಲೀಂಧ್ರ ಸೊಂಪಾಗಿ ಬೆಳೆದು ಸೊಂಟದವರೆಗೆ ಹಬ್ಬುತ್ತದೆ. ಸಾಮಾನ್ಯ ಮಾತ್ರೆಗೆ ಬಗ್ಗದ, 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರು ಪಡೆದ ಶಿಲೀಂಧ್ರ ನಮ್ಮ ದೇಶದಲ್ಲಿ ಇಷ್ಟು ಹಬ್ಬಿರುವುದಕ್ಕೆ ಈ ಕಲಬೆರಕೆ ಟ್ಯೂಬುಗಳೂ ಕಾರಣವೆಂದು ಚರ್ಮವೈದ್ಯರು ದೂರುತ್ತಾರೆ. ಇನ್ನೊಂದು ಕಡೆ, ಬೆಳ್ಳಗಾಗಲೆಂದು ಮುಖಕ್ಕೆ ದಿನವೂ ಇವನ್ನೇ ಬಳಿಯುವವರು. ದೇಶದ ಹಲವು ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಗೆ ಬಂದ 2926 ಮಂದಿಯನ್ನು ವಿಚಾರಿಸಿದಾಗ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರೆಂದು 2011ರಲ್ಲಿ ವರದಿಯಾಯಿತು. ತೆಳುವಾದ ಚರ್ಮ, ಕಾಣುವ ರಕ್ತನಾಳ, ಮೊಡವೆ, ಬಿಸಿಲಿಗೆ ಉರಿ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಎಚ್ ಶೆಡ್ಯೂಲಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಯನ್ನು ಓದುಗರೇ ಹುಡುಕಿಕೊಳ್ಳಲಿ.

ಇಲ್ಲೇ ನನ್ನ ಮುಖ್ಯ ತಕರಾರಿರುವುದು. ಈ ಹುಳಕಡ್ಡಿಯವರೂ ಮುಖಕ್ಕೆ ಬಳಿಯುವವರೂ ಸ್ಟೀರಾಯ್ಡಿಗೆ ಅಂಜುವುದೇ ಇಲ್ಲ, ತಾವು ಹಚ್ಚುತ್ತಿರುವುದು ಅದೆಂದು ಬಹುಪಾಲು ಅವರಿಗೆ ತಿಳಿದೇ ಇಲ್ಲ. ಅಂಜುತ್ತಿರುವವಳು ಇಸುಬಿನ ಮಗುವಿನ ತಾಯಿ. ಬೇಡದವರ ಮೈಮೇಲೆ ಟ್ಯೂಬುಗಟ್ಟಲೆ ಖರ್ಚಾಗುತ್ತಿರುವ ಮದ್ದು ಬೇಕಾದ ಮಗುವಿಗೆ ಸಾಸಿವೆ ಕಾಳಿನಷ್ಟು ಸಿಗುತ್ತಿದೆ. ಅಕ್ಷರಶಃ ಸಾಸಿವೆ ಕಾಳಿನಷ್ಟು. ತೋರುಬೆರಳಿನ ತುದಿಗೆ ಒಂದು ಚುಕ್ಕೆ ತಾಗಿಸಿಕೊಂಡು ಎರಡೂ ಮಂಡಿಯ ಹಿಂಬದಿಗೆ ಸವರಿ ಕೈ ತೊಳೆದುಕೊಳ್ಳುವುದು. ಸರಿಯಾದ ಅಳತೆ ಏನೆಂದು 1991ರಲ್ಲೇ ಕಾರ್ಡಿಫ್‌ನ ಲಾಂಗ್ ಮತ್ತು ಫಿನ್ಲೆ ಗೊತ್ತುಮಾಡಿಟ್ಟಿದ್ದಾರೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಾಲ್ಕು ವರ್ಷದ ಮಗುವಿನ ಒಂದು ಕಾಲಿಗೆ ಪಾದ ಸೇರಿ ಪೂರ್ತಿ ಹಚ್ಚುವುದಾದರೆ ಅಂಥ ಮೂರು ಗೆರೆ ಬೇಕು. ಒಂದು ಟ್ಯೂಬು ಆರು ತಿಂಗಳು ಬಂತೆಂದು ಸಮಾಧಾನಪಡುವ ಮನೆಯಲ್ಲಿ ಮದ್ದು ಕೆಲಸ ಮಾಡಿಲ್ಲವೆಂದರೆ ತಪ್ಪು ಮದ್ದಿನದಲ್ಲ.

ಇದು ನಮ್ಮೂರಿನ ರೋಗ ಮಾತ್ರವಲ್ಲ. 2000ದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 200 ಇಸುಬು ರೋಗಿಗಳನ್ನು ಕೇಳಿದಾಗ ಶೇ. 72.5 ಮಂದಿ ಸ್ಟೀರಾಯ್ಡ್ ಮುಲಾಮಿನ ಬಗ್ಗೆ ಕಳವಳವಿದೆ ಎಂದರು, ಶೇ. 24 ಮಂದಿ ಅಂಜಿಕೆಯಿಂದ ಸರಿಯಾಗಿ ಹಚ್ಚುತ್ತಿಲ್ಲವೆಂದು ಒಪ್ಪಿಕೊಂಡರು. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ಚಿಂತೆ ಚರ್ಮ ತೆಳುವಾಗುವುದರ ಬಗ್ಗೆ. ಅದೇ ಊರಿನ ತಂಡ 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂದಷ್ಟು ಮಕ್ಕಳಿಗೆ ಬಲವಾದ ಬೀಟಾಮೆಥಸೋನನ್ನು ಮೂರು ದಿನದ ಕಂತುಗಳಲ್ಲೂ ಇನ್ನೊಂದಷ್ಟು ಮಕ್ಕಳಿಗೆ ಸೌಮ್ಯವಾದ ಹೈಡ್ರೋಕಾರ್ಟಿಸೋನನ್ನು ಏಳು ದಿನದ ಕಂತುಗಳಲ್ಲೂ ಹಚ್ಚಿಸಿದರು. 18 ವಾರ ಕಳೆದ ಮೇಲೆ ಗುಣದಲ್ಲೂ ವ್ಯತ್ಯಾಸವಿರಲಿಲ್ಲ, ಚರ್ಮದ ದಪ್ಪದಲ್ಲೂ ಇರಲಿಲ್ಲ. ಬಿಳಿ ಮಚ್ಚೆಯ ಅಂಜಿಕೆ ನಮ್ಮಲ್ಲಿ ಇನ್ನೂ ಹೆಚ್ಚು, ತೊನ್ನು ಎಂದರೆ ಹೆಣ್ಣುಮಕ್ಕಳ ಮದುವೆಯವರೆಗೂ ಯೋಚನೆ ಓಡುತ್ತದೆ. ಇಸುಬು ಆರಿದ ಜಾಗ ಕಂದುಬಣ್ಣದ ಮೈಯಲ್ಲಿ ಕೆಲವು ತಿಂಗಳು ಬಿಳಿಚಿಕೊಂಡಿರುವುದು ಬಹುಪಾಲು ಆ ಉರಿಯೂತದ ಗುರುತು. ಹಚ್ಚದೆ ಬಿಟ್ಟರೂ ಬರುತ್ತದೆ, ತಾನಾಗಿ ತುಂಬಿಕೊಳ್ಳುತ್ತದೆ. ಕಡೆಗೆ ಹಚ್ಚಿದ್ದು ಮುಲಾಮು, ಹಾಗಾಗಿ ಬೈಗುಳ ಅದಕ್ಕೆ.

ಅಂಜಿದವರು ಸುಮ್ಮನೆ ಕೂರುತ್ತಾರೆಯೇ? ಇಲ್ಲ, ‘ಸ್ಟೀರಾಯ್ಡ್ ಇಲ್ಲದ’ ಗಿಡಮೂಲಿಕೆಯ ಡಬ್ಬಿ ಹುಡುಕಿಕೊಂಡು ಹೋಗುತ್ತಾರೆ. ಲಂಡನ್ನಿನಲ್ಲಿ ಇಸುಬಿಗೆಂದು ಕೊಡುತ್ತಿದ್ದ 11 ಚೀನೀ ಗಿಡಮೂಲಿಕೆ ಮುಲಾಮುಗಳನ್ನು ಪ್ರಯೋಗಾಲಯದಲ್ಲಿ ಒಡೆದು ನೋಡಿ 1999ರಲ್ಲಿ ಪ್ರಕಟಿಸಿದ ವರದಿಯಂತೆ, 8ರಲ್ಲಿ ಡೆಕ್ಸಾಮೆಥಸೋನ್ ಸಿಕ್ಕಿತು. ಯಾವ ಅಳತೆ, ಎಷ್ಟು ದಿನ ಎಂಬುದೇ ಗೊತ್ತಿಲ್ಲದೆ ಮಕ್ಕಳ ಮುಖಕ್ಕೆ ಅದನ್ನು ಹಚ್ಚುತ್ತಿದ್ದರು. ಹೆಸರು ಕೇಳಿ ಅಂಜಿದವರು ಹೆಸರಿಲ್ಲದ ಅದನ್ನೇ ದುಡ್ಡು ಕೊಟ್ಟು ಕೊಂಡಿದ್ದರು. ಲೇಬಲ್ಲಿಲ್ಲದ ಡಬ್ಬಿಯಲ್ಲಿ ಬಂದ ಮುಲಾಮಿಗೆ ಮೂರೇ ದಿನದಲ್ಲಿ ಪವಾಡದಂತೆ ಗುಣವಾದರೆ ಮೊದಲು ಅನುಮಾನಪಡಬೇಕು.

ಬದನೆಕಾಯಿ, ಕಡಲೆಕಾಯಿ, ಮೀನು ಬಿಡಿಸುವ ಪಥ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಹಾರದಿಂದ ಇಸುಬು ಕೆರಳುವ ಮಕ್ಕಳು ಇದ್ದಾರೆ, ಆದರೆ ಕಡಿಮೆ. ಪರೀಕ್ಷಿಸದೆ ಒಂದೊಂದೇ ಬಿಡಿಸುತ್ತ ಹೋದರೆ ಮಗು ಸೊರಗುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನ ಮೇಲೆ ಆಪಾದನೆ ಹೊರಿಸಿ ಸಾವಿರಾರು ರೂಪಾಯಿಯ ಸಾಫ್ಟ್‌ನರ್ ಕೂರಿಸುವವರಿಗೂ ಒಂದು ಸುದ್ದಿ. ಇಂಗ್ಲೆಂಡಿನಲ್ಲಿ 336 ಮಕ್ಕಳ ಮನೆಗಳಲ್ಲಿ ಅದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು, ಇಸುಬಿಗೆ ಅದರಿಂದ ಹೆಚ್ಚಿನ ಉಪಕಾರ ಕಾಣಲಿಲ್ಲ. ತೇವ ಹಿಡಿದಿಡುವ ಕ್ರೀಮು ಮಾತ್ರ ಬೇಕೇ ಬೇಕು, ಸ್ನಾನ ಮಾಡಿದ ಕೂಡಲೇ, ಧಾರಾಳವಾಗಿ. ಅದರಲ್ಲೂ ದುಬಾರಿಯದೇ ಆಗಬೇಕೆಂದಿಲ್ಲ. ಲೋಷನ್, ಕ್ರೀಮ್, ಜೆಲ್, ಆಯಿಂಟ್‌ಮೆಂಟ್ ನಾಲ್ಕನ್ನೂ 550 ಮಕ್ಕಳಲ್ಲಿ ಹೋಲಿಸಿದ 2022ರ ಪರೀಕ್ಷೆಯಲ್ಲಿ ನಾಲ್ಕೂ ಸಮವೆನಿಸಿದವು. ಮಗುವಿಗೆ ಒಗ್ಗುವುದೇ ಒಳ್ಳೆಯದು. ನಮ್ಮ ಕರಾವಳಿಯವರು ಮೊದಲಿನಿಂದ ಹಚ್ಚಿಕೊಂಡು ಬಂದ ಕೊಬ್ಬರಿ ಎಣ್ಣೆಯ ಪರವಾಗಿ ಫಿಲಿಪ್ಪೀನ್ಸಿನ ಮಕ್ಕಳಲ್ಲಿ ಮಾಡಿದ ಪರೀಕ್ಷೆಯೂ ಇದೆ. ಆದರೆ ಎದ್ದ ಉರಿಯೂತವನ್ನು ಇಳಿಸುವುದು ಎಣ್ಣೆಯ ಕೆಲಸವಲ್ಲ.

ಸ್ಟೀರಾಯ್ಡ್ ವಿರೋಧಿಗಳ ಒಂದು ಮಾತಿಗೆ ಮಾತ್ರ ಗಂಭೀರವಾಗಿ ಕಿವಿಗೊಡಬೇಕು. ವರ್ಷಗಟ್ಟಲೆ ಬಲವಾದ ಮುಲಾಮನ್ನು, ಅದರಲ್ಲೂ ಮುಖಕ್ಕೆ, ಎಡೆಬಿಡದೆ ಹಚ್ಚಿ ಒಮ್ಮೆಲೇ ನಿಲ್ಲಿಸಿದವರಲ್ಲಿ ಕೆಲವರಿಗೆ ಮೊದಲಿಗಿಂತ ಭೀಕರವಾಗಿ ಮೈ ಕೆಂಪೇರಿ ಉರಿಯುತ್ತದೆ. ಇದನ್ನು ಬಹಳ ಕಾಲ ಡಾಕ್ಟರುಗಳು ‘ಇಸುಬೇ ಕೆರಳಿದೆ’ ಎಂದು ತಳ್ಳಿಹಾಕಿದರು, ಅದು ಅವರ ತಪ್ಪು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು. ಆದರೆ ಈ ಅಪಾಯ ಇರುವುದು ಲೆಕ್ಕವಿಲ್ಲದೆ ಹಚ್ಚುವುದರಲ್ಲಿ. ಒಂದೆರಡು ವಾರದ ಕಂತಿನಲ್ಲಿ, ಜಾಗಕ್ಕೆ ತಕ್ಕ ಬಲದ್ದನ್ನು ಹಚ್ಚಿ ಇಳಿಸುವವರಿಗೆ ಅದನ್ನು ತೋರಿಸಿ ಹೆದರಿಸುವುದು ನ್ಯಾಯವಲ್ಲ. ಕಣ್ಣೆವೆ, ಮುಖದಂಥ ಎಳೆ ಜಾಗಗಳಿಗೆ ಟ್ಯಾಕ್ರೊಲಿಮಸ್ ಎಂಬ ಸ್ಟೀರಾಯ್ಡ್ ಅಲ್ಲದ ಮುಲಾಮು ಇದೆ. ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು, ಮೊದಲ ಕೆಲವು ದಿನ ಉರಿಯುತ್ತದೆ, ಚರ್ಮವನ್ನು ತೆಳು ಮಾಡುವುದಿಲ್ಲ. ಸ್ಟೀರಾಯ್ಡ್ ಇಲ್ಲವೆಂದ ಮಾತ್ರಕ್ಕೆ ಎಲ್ಲರೂ ಇದನ್ನು ನಿಶ್ಚಿಂತೆಯಿಂದ ಸ್ವೀಕರಿಸುತ್ತಾರೆ, ಅಮೆರಿಕದಲ್ಲಿ ಅದರ ಪೊಟ್ಟಣದ ಮೇಲೆ 2006ರಿಂದ ಕಪ್ಪುಚೌಕದ ಎಚ್ಚರಿಕೆ ಇದೆ ಎಂದು ಯಾರೂ ವಿಚಾರಿಸುವುದಿಲ್ಲ. ಆ ಎಚ್ಚರಿಕೆ ಅತಿಯಾಯಿತೆಂದು ಅನೇಕ ಚರ್ಮವೈದ್ಯರ ಅಭಿಪ್ರಾಯ, ಅದು ಬೇರೆ ಮಾತು.

ಕೊನೆಗೆ ಡಾಕ್ಟರುಗಳ ಪಾಲು. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಚೀಟಿಯ ಮೇಲೆ ಮುಲಾಮಿನ ಹೆಸರು, ಅದರ ಮುಂದೆ ದಿನಕ್ಕೆರಡು ಸಲ ಎಂದು ಬೀಳುತ್ತದೆ, ಅಷ್ಟೇ. ಎಷ್ಟು ಉದ್ದದ ಗೆರೆ, ಯಾವ ಜಾಗಕ್ಕೆ ಯಾವುದು, ಎಷ್ಟು ದಿನ, ಇಳಿದ ಮೇಲೆ ಏನು ಮಾಡಬೇಕು ಎಂಬುದಿಲ್ಲ. ಕೊನೆಯದಂತೂ ಎಲ್ಲಕ್ಕಿಂತ ಮುಖ್ಯ. ಚರ್ಮ ತಿಳಿಯಾದ ಮೇಲೂ ಇಸುಬು ಮೇಲಿಂದ ಮೇಲೆ ಏಳುವ ಜಾಗಗಳಿಗೆ ವಾರಕ್ಕೆರಡು ದಿನ ಹಚ್ಚುತ್ತಿದ್ದರೆ ಅದು ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆ ಎಂದು 2003ರಲ್ಲೇ ಪರೀಕ್ಷೆಯಿಂದ ತಿಳಿದಿದೆ. ಇದನ್ನು ಹೇಳದೆ ಕಳಿಸಿದರೆ ತಾಯಿ ಐದನೆಯ ದಿನಕ್ಕೆ ನಿಲ್ಲಿಸುತ್ತಾಳೆ, ಹದಿನೈದು ದಿನಕ್ಕೆ ಅದೇ ಮಂಡಿಯ ಹಿಂದೆ ಅದೇ ದದ್ದು ಏಳುತ್ತದೆ, "ನೋಡಿದ್ಯಾ, ನಾನು ಮೊದಲೇ ಹೇಳಿದ್ನಲ್ಲ, ಬರೀ ಅಡಗಿಸಿತ್ತು ಅಷ್ಟೆ" ಎನ್ನಲು ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ, ಮತ್ತು ಆ ಹೊತ್ತಿಗೆ ಅವರ ಮಾತನ್ನು ಅಲ್ಲಗಳೆಯಲು ಆಕೆಯ ಬಳಿ ಏನೂ ಇರುವುದಿಲ್ಲ.